ಫಿಲ್ಟರ್ ಆಮೇಲೆ, ಮೊದಲು ಸಂಪು ನೋಡಿ

ನಲ್ಲಿಯಲ್ಲಿ ಎರಡು ದಿನ ಕೆಂಚು ನೀರು ಬಂದರೆ, ಬ್ಲೀಚಿಂಗ್ ಪೌಡರ್ ವಾಸನೆ ಮೂಗಿಗೆ ಬಡಿದರೆ, ಇಲ್ಲವೆ ಮನೆಯ ಮಗುವಿಗೆ ವಾಂತಿ-ಭೇದಿ ಹಿಡಿದರೆ ನಮ್ಮ ಊರುಗಳಲ್ಲಿ ಮೊದಲು ಆಗುವ ಕೆಲಸ ಅಡುಗೆಮನೆಯ ಗೋಡೆಗೆ ಆರ್‌ಒ ಯಂತ್ರ ತಗುಲಿಸುವುದು. ಸಾವಿರಾರು ರೂಪಾಯಿ ಖರ್ಚಾಗುತ್ತದೆ, ಮನಸ್ಸಿಗೆ ನೆಮ್ಮದಿ ಸಿಗುತ್ತದೆ. ಆದರೆ ನೀರಿನಲ್ಲಿದ್ದ ದೋಷ ಯಾವುದು, ಅದು ಎಲ್ಲಿ ಸೇರಿಕೊಂಡಿತು ಎಂಬುದು ಯಾರಿಗೂ ಗೊತ್ತಾಗಿರುವುದಿಲ್ಲ. ಹಲ್ಲುಜ್ಜುವುದು, ಸೊಪ್ಪು ತೊಳೆಯುವುದು, ತಟ್ಟೆ ಲೋಟ ಬೆಳಗುವುದು ಎಲ್ಲವೂ ಅದೇ ಹಳೆಯ ಸಂಪಿನ ನೀರಿನಲ್ಲೇ ನಡೆದಿರುತ್ತದೆ.

ನಗರದ ಕೊಳಾಯಿ ನೀರು ಶುದ್ಧೀಕರಣ ಘಟಕದಿಂದ ಹೊರಡುವಾಗ ಬಹುಮಟ್ಟಿಗೆ ಚೆನ್ನಾಗಿಯೇ ಇರುತ್ತದೆ. ಅದು ಕೆಡುವುದು ಕೊನೆಯ ದಾರಿಯಲ್ಲಿ, ಅದರಲ್ಲೂ ಎಷ್ಟೋ ಸಲ ನಮ್ಮ ಕಾಂಪೌಂಡಿನ ಒಳಗೆ. ಬೋರ್‌ವೆಲ್ ನೀರಿನ ದೋಷವಾದರೋ ಹೆಚ್ಚಾಗಿ ನೆಲದಾಳದ ಬಂಡೆಯಿಂದಲೇ ಬಂದಿರುತ್ತದೆ. ಈ ಎರಡಕ್ಕೂ ಮದ್ದು ಒಂದೇ ಅಲ್ಲ. ಆದ್ದರಿಂದ ಮೊದಲು ಪರೀಕ್ಷೆ, ಆಮೇಲೆ ಸಂಪು ಮತ್ತು ಟ್ಯಾಂಕಿನ ದುರಸ್ತಿ, ಫಿಲ್ಟರ್ ಕೊನೆಗೆ.

ಘಟಕದಲ್ಲಿ ನಡೆಯುವುದೇನು

ಬೆಂಗಳೂರನ್ನೇ ತೆಗೆದುಕೊಳ್ಳೋಣ. ಕೆರೆ, ಕಲ್ಯಾಣಿ, ಬಾವಿಗಳ ಊರಿಗೆ 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ, 1974ರಲ್ಲಿ ಕಾವೇರಿ ಮೊದಲ ಹಂತ, 2024ರ ಅಕ್ಟೋಬರಿನಲ್ಲಿ ಐದನೇ ಹಂತ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾದ ನೀರನ್ನು ಸುಮಾರು ನೂರು ಕಿಲೋಮೀಟರ್ ದೂರ, ಹತ್ತಿರ ಹತ್ತಿರ 500 ಮೀಟರ್ ಎತ್ತರಕ್ಕೆ ಹಂತ ಹಂತವಾಗಿ ಪಂಪ್ ಮಾಡಿ ತರಬೇಕು.

ನದಿ ನೀರಿನ ಕದಡು ತಾನಾಗಿ ಕೆಳಗಿಳಿಯುವುದಿಲ್ಲ. ಜೇಡಿಯ ಅತಿ ಸಣ್ಣ ಕಣಗಳ ಮೇಲೆಲ್ಲ ಋಣ ವಿದ್ಯುದಂಶ ಇರುತ್ತದೆ. ಒಂದನ್ನೊಂದು ದೂಡುತ್ತಾ ದಿನಗಟ್ಟಲೆ ತೇಲುತ್ತವೆ. ಪಟಿಕ ಹಾಕಿದಾಗ ಆ ವಿದ್ಯುದಂಶ ಅಳಿದು, ಕಣಗಳು ಒಂದಕ್ಕೊಂದು ಅಂಟಿ, ಹತ್ತಿಯಂಥ ಗಂಟುಗಳಾಗಿ ತಳ ಸೇರುತ್ತವೆ. ಹಳ್ಳಿಯ ಮನೆಗಳಲ್ಲಿ ಹಿಂದೆ ಮಡಕೆಯ ಒಳಗೋಡೆಗೆ ಚಿಲ್ಲದ ಬೀಜ ತೇಯುತ್ತಿದ್ದುದೂ ಇದೇ ಕೆಲಸಕ್ಕೆ. ಮೇಲಿನ ತಿಳಿನೀರು ಮರಳಿನ ಹಾಸಿನ ಮೂಲಕ ಸೋಸಿ ಬರುತ್ತದೆ. ಕೊನೆಯದು ಕ್ಲೋರಿನ್.

ಕ್ಲೋರಿನ್ ಕೊನೆಗೇ ಬರಬೇಕು. ಕದಡಿದ ನೀರಿಗೆ ಹಾಕಿದರೆ ಅದು ಕೆಸರು ಮತ್ತು ಕೊಳೆತ ಎಲೆಯ ಅಂಶದ ಮೇಲೆಯೇ ವ್ಯಯವಾಗಿಬಿಡುತ್ತದೆ. ರೋಗಾಣುಗಳು ಮಣ್ಣಿನ ಕಣಗಳ ಮರೆಯಲ್ಲಿ ಉಳಿದುಕೊಳ್ಳುತ್ತವೆ. ತಿಳಿನೀರಿನಲ್ಲಿ ಅರ್ಧ ಗಂಟೆ ಸಮಯ ಸಿಕ್ಕರೆ ಬಹುತೇಕ ರೋಗಾಣುಗಳನ್ನು ಕೊಂದು, ಸ್ವಲ್ಪ ಮಿಕ್ಕಿ ಉಳಿಯುತ್ತದೆ. ಹೀಗೆ ಮಿಕ್ಕಿದ್ದಕ್ಕೆ ಉಳಿಕೆ ಕ್ಲೋರಿನ್ ಎನ್ನುತ್ತಾರೆ. ನೀರು ನಿಮ್ಮ ಮನೆ ಮುಟ್ಟುವವರೆಗೆ ಅದರ ಕಾವಲು ಇದೇ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ನಲ್ಲಿಯ ಬಾಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ಅಂದರೆ ಕೊಳಾಯಿ ನೀರಿನ ಸಣ್ಣ ಬ್ಲೀಚಿಂಗ್ ವಾಸನೆ ಹೆದರುವ ಸಂಗತಿಯಲ್ಲ. ಆ ವಾಸನೆ ಇದ್ದಕ್ಕಿದ್ದಂತೆ ಪೂರ್ತಿ ನಿಂತುಹೋದರೆ ಆಗ ವಿಚಾರಿಸಬೇಕು.

ಹಾಗೆಂದು ವ್ಯವಸ್ಥೆ ಎಲ್ಲ ಕಡೆಯೂ ಸರಿಯಾಗಿದೆ ಎಂದಲ್ಲ. 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಸಾರ್ವಜನಿಕ ಕೊಳಾಯಿಯ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಯಾರೂ ಫಿಲ್ಟರ್ ಕೊಳ್ಳದೆ ಸತ್ತವರಲ್ಲ. ಸರಿಯಾಗಿ ಸಿಗಬೇಕಾಗಿದ್ದ ನೀರು ಸಿಗದೆ ಸತ್ತವರು. ನೀರನ್ನು ಪರೀಕ್ಷಿಸುವ, ದೂರು ಕೊಡುವ ಕೆಲಸವನ್ನು ನಾವು ಬಿಡಬಾರದು ಎನ್ನುವುದು ಇದಕ್ಕೇ.

ದಾರಿಯಲ್ಲಿ ಕೆಡುವುದು ಹೇಗೆ

ದಿನದ 24 ಗಂಟೆಯೂ ನೀರು ತುಂಬಿರುವ ಪೈಪಿನಲ್ಲಿ ಸಣ್ಣ ಬಿರುಕಿದ್ದರೆ ನೀರು ಹೊರಗೆ ಸೋರುತ್ತದೆ, ಹೊರಗಿನ ಕೊಳೆ ಒಳಗೆ ಬರುವುದಿಲ್ಲ. ನಮ್ಮಲ್ಲಿ ನೀರು ಬಿಡುವುದು ದಿನ ಬಿಟ್ಟು ದಿನ, ಕೆಲವು ಊರುಗಳಲ್ಲಿ ವಾರಕ್ಕೊಮ್ಮೆ. ವಾಲ್ವ್ ಮುಚ್ಚಿದ ಮೇಲೆ ಪೈಪು ಖಾಲಿಯಾಗುತ್ತಾ ಒಳಗೆ ಒತ್ತಡ ಇಳಿಯುತ್ತದೆ. ಆಗ ಅದೇ ಬಿರುಕು ಸುತ್ತಲಿನ ತೇವವನ್ನು ಒಳಕ್ಕೆ ಹೀರುತ್ತದೆ. ಪಕ್ಕದಲ್ಲಿ ಚರಂಡಿಯೋ ಯುಜಿಡಿ ಅಂದರೆ ಒಳಚರಂಡಿಯ ಲೈನೋ ಇದ್ದರೆ ಒಳಗೆ ಹೋಗುವುದು ಅದರ ನೀರೇ. ಮತ್ತೆ ನೀರು ಬಿಟ್ಟಾಗ ಅದೆಲ್ಲ ಮೊದಲ ಕೆಲವು ನಿಮಿಷಗಳಲ್ಲಿ ನಿಮ್ಮ ಸಂಪಿಗೆ ಬೀಳುತ್ತದೆ.

ಕೊಳಾಯಿ ಲೈನಿಗೇ ಮೋಟಾರ್ ಜೋಡಿಸಿ ನೀರೆಳೆಯುವುದು ಇದಕ್ಕಿಂತ ಕೆಟ್ಟದ್ದು. ಪಕ್ಕದ ಮನೆಗಳಿಗೆ ನೀರು ಸಾಲದೆ ಹೋಗುವುದು ಒಂದು ಕಡೆ. ಲೈನಿನೊಳಗೆ ಹೀರುವಿಕೆ ಹುಟ್ಟಿ ಇಡೀ ಬೀದಿಯ ಪೈಪಿಗೆ ಚರಂಡಿ ನೀರು ಸೇರುವ ಅಪಾಯ ಇನ್ನೊಂದು ಕಡೆ. ಕಾನೂನು ಇದನ್ನು ನಿಷೇಧಿಸಿದೆ. ನಿಮ್ಮ ಬೀದಿಯಲ್ಲಿ ಯಾರಾದರೂ ಹೀಗೆ ಮಾಡುತ್ತಿದ್ದರೆ ಅವರ ಮನೆಯ ಮಕ್ಕಳಿಗೂ ಆಗುವ ತೊಂದರೆ ಇದು ಎಂದು ತಿಳಿಸಿ ಹೇಳಿ.

ಮನೆಯೊಳಗೆ ಬಂದರೆ ಸಂಪು. ನಮ್ಮ ನಗರಗಳಲ್ಲಿ ಸಂಪು ಸಾಮಾನ್ಯವಾಗಿ ಗೇಟಿನ ಹಿಂದೆ, ಕಾರು ನಿಲ್ಲಿಸುವ ಜಾಗದ ಅಡಿಯಲ್ಲಿ ಇರುತ್ತದೆ. ಅದರ ಕಬ್ಬಿಣದ ಮುಚ್ಚಳ ನೆಲಮಟ್ಟಕ್ಕೇ ಇರುತ್ತದೆ. ಕಾರು ತೊಳೆದ ನೀರು, ಅಂಗಳ ಸಾರಿಸಿದ ನೀರು, ಮಳೆನೀರು, ಬೀದಿ ನಾಯಿಯ ಗಲೀಜು ತೊಳೆದ ನೀರು ಆ ಮುಚ್ಚಳದ ಅಂಚಿನಿಂದ ಒಳಗಿಳಿಯುತ್ತದೆ. ಎಷ್ಟೋ ಮನೆಗಳಲ್ಲಿ ಯುಜಿಡಿ ಚೇಂಬರ್ ಕೂಡ ಅಲ್ಲೇ ಎರಡು ಮೂರು ಅಡಿ ದೂರದಲ್ಲಿ. ಇಷ್ಟಾದ ಮೇಲೆ ನದಿಯನ್ನು ದೂರುವುದು ನ್ಯಾಯವಲ್ಲ.

ಮೂರು ಲೋಟಗಳ ಪರೀಕ್ಷೆ

ದೋಷ ಎಲ್ಲಿ ಸೇರಿತು ಎಂದು ತಿಳಿಯಲು ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ. ಬೇಕಾಗುವುದು ಕ್ಲೋರಿನ್ ಪರೀಕ್ಷಾ ಪಟ್ಟಿ ಅಥವಾ ಗ್ರಾಮ ಪಂಚಾಯಿತಿಯ ನೀರುಗಂಟಿಯ ಬಳಿ ಇರುವಂಥ ಕ್ಲೋರೊಸ್ಕೋಪ್.

1. ನೀರು ಬಿಟ್ಟ ದಿನ, ಮೊದಲ ಐದು ನಿಮಿಷದ ನೀರನ್ನು ಗಿಡಕ್ಕೋ ಶೌಚಾಲಯಕ್ಕೋ ಬಿಡಿ. ಆಮೇಲೆ ಮೀಟರಿನ ಬಳಿ, ಲೈನಿನಿಂದ ನೇರವಾಗಿ ಬರುವ ನಲ್ಲಿಯಲ್ಲಿ ಒಂದು ಲೋಟ ಹಿಡಿಯಿರಿ.

2. ಸಂಪಿನಿಂದ ಎರಡನೇ ಲೋಟ. ನೀರು ತುಂಬುವ ಮುಂಚೆಯೇ ಒಮ್ಮೆ ತೆಗೆದಿಟ್ಟರೆ ಹಳೆ ನೀರಿನ ಸ್ಥಿತಿಯೂ ಗೊತ್ತಾಗುತ್ತದೆ.

3. ಮೇಲಿನ ಟ್ಯಾಂಕಿನಿಂದ ಬರುವ ಅಡುಗೆಮನೆ ನಲ್ಲಿಯಿಂದ ಮೂರನೇ ಲೋಟ.

4. ಮೂರನ್ನೂ ಬಿಳಿ ಕಾಗದದ ಮುಂದಿಟ್ಟು ಬಣ್ಣ, ಕದಡು ನೋಡಿ. ಮೂಸಿ. ಆಮೇಲೆ ಕ್ಲೋರಿನ್ ಅಳೆಯಿರಿ.

ಮೊದಲ ಲೋಟದಲ್ಲೇ ಕ್ಲೋರಿನ್ ಇಲ್ಲದಿದ್ದರೆ, ಕದಡು ಅಥವಾ ದುರ್ವಾಸನೆ ಇದ್ದರೆ ದೋಷ ಲೈನಿನದು; ದೂರು ಕೊಡಿ. ಮೊದಲನೆಯದರಲ್ಲಿ ಇದ್ದು, ಆಗಷ್ಟೇ ತುಂಬಿದ ಸಂಪಿನಲ್ಲಿ ಪೂರ್ತಿ ಮಾಯವಾಗಿದ್ದರೆ ಸಂಪಿನಲ್ಲಿ ಕೊಳೆಯಿದೆ, ಕ್ಲೋರಿನ್ ಅದನ್ನು ಸುಡುವುದರಲ್ಲೇ ಮುಗಿದಿದೆ. ಸಂಪಿನವರೆಗೂ ಇದ್ದು ಅಡುಗೆಮನೆಯಲ್ಲಿ ಇಲ್ಲದಿದ್ದರೆ ಮೇಲಿನ ಟ್ಯಾಂಕನ್ನು ನೋಡಿ. ಆದರೆ ಇಲ್ಲೊಂದು ಎಚ್ಚರ: ಬಿಸಿಲಿಗೆ ಕಾದ ಟ್ಯಾಂಕಿನಲ್ಲಿ ಒಂದೆರಡು ದಿನ ನಿಂತ ನೀರಿನ ಕ್ಲೋರಿನ್ ತಾನಾಗಿಯೂ ಹಾರಿಹೋಗುತ್ತದೆ. ಅದರಿಂದ ಟ್ಯಾಂಕು ಕೊಳಕು ಎಂದು ಸಾಬೀತಾಗುವುದಿಲ್ಲ. ಆ ನೀರಿಗೆ ಈಗ ಕಾವಲಿಲ್ಲ ಎಂದಷ್ಟೇ ಅರ್ಥ.

ಕಣ್ಣಿಗೆ, ಮೂಗಿಗೆ ಸಿಗುವ ಇನ್ನಷ್ಟು ಗುರುತುಗಳಿವೆ. ಹಾಲಿನಂತೆ ಬೆಳ್ಳಗಿರುವ ನೀರು ಒಂದೆರಡು ನಿಮಿಷದಲ್ಲಿ ತಳದಿಂದ ಮೇಲಕ್ಕೆ ತಿಳಿಯಾದರೆ ಅದು ಬರೀ ಗಾಳಿ, ಹೆದರಬೇಡಿ. ಬೆಳಗಿನ ಮೊದಲ ನೀರು ಮಾತ್ರ ಕೆಂಚಾಗಿದ್ದರೆ ಹಳೆಯ ಜಿಐ ಪೈಪಿನ ತುಕ್ಕು. ಹಿಡಿಯುವಾಗ ತಿಳಿಯಾಗಿದ್ದು, ಬಕೆಟ್ಟಿನಲ್ಲಿ ನಿಂತ ಮೇಲೆ ಕೆಂಪಾದರೆ ನೆಲದ ನೀರಿನ ಕಬ್ಬಿಣ. ಕರಾವಳಿಯ ಮುರಕಲ್ಲು ನೆಲದ ಬಾವಿಗಳಲ್ಲಿ ಇದು ಹೊಸದಲ್ಲ. ಗೀಸರಿನ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುವುದು, ಬೇಳೆ ಬೇಯದಿರುವುದು, ಸೋಪು ನೊರೆ ಬಾರದಿರುವುದು ಗಡಸುತನ. ಕೊಳೆತ ಮೊಟ್ಟೆ ವಾಸನೆ ಹೈಡ್ರೋಜನ್ ಸಲ್ಫೈಡ್. ಚರಂಡಿ ವಾಸನೆ ಬಂದರೆ ಯಾವ ಪರೀಕ್ಷೆಗೂ ಕಾಯಬೇಡಿ, ಬಳಕೆ ನಿಲ್ಲಿಸಿ.

ಕಣ್ಣಿಗೆ ಕಾಣದ ದೋಷಗಳು

ಅತ್ಯಂತ ಕೇಡು ಮಾಡುವ ದೋಷಗಳಿಗೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ. ಅವನ್ನು ಲ್ಯಾಬಿನಲ್ಲೇ ಹಿಡಿಯಬೇಕು.

ರೋಗಾಣುಗಳದ್ದು ಮೊದಲ ಸ್ಥಾನ. ಕಾಲರಾ, ಟೈಫಾಯ್ಡ್, ಕಾಮಾಲೆ, ಆಮಶಂಕೆ ಇವೆಲ್ಲ ಮಲ ಸೇರಿದ ನೀರಿನಿಂದ ಬರುವ ಕಾಯಿಲೆಗಳು. ಮಾನಕದ ಪ್ರಕಾರ 100 ಮಿಲಿಲೀಟರ್ ಕುಡಿಯುವ ನೀರಿನಲ್ಲಿ ಒಂದೇ ಒಂದು ಇ-ಕೋಲೈ ಕೂಡ ಇರಕೂಡದು. ಮನೆಯಲ್ಲೇ ಅಂದಾಜು ನೋಡಲು ಎಚ್‌2ಎಸ್ ಸೀಸೆಗಳು ಸಿಗುತ್ತವೆ: ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಮಲದ ಸಂಪರ್ಕವಿರಬಹುದು ಎಂದು ತಿಳಿಯಬೇಕು. ಕಪ್ಪಾಗಲಿಲ್ಲ ಎಂದರೆ ಪೂರ್ತಿ ನಿಶ್ಚಿಂತೆ ಎಂದಲ್ಲ.

ಫ್ಲೋರೈಡ್ ಬೋರ್ ನೀರಿನ ಪಿಡುಗು. ಪಾವಗಡ, ಮುಂಡರಗಿ, ಬಾಗೇಪಲ್ಲಿ ಸೀಮೆಯ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಲ್ಲಿನ ಮೇಲಿನ ಕಂದು ಗೆರೆ, ಬಾಗದ ಮೊಣಕಾಲು, ನಡುವಯಸ್ಸಿಗೇ ಗೂನಾದ ಬೆನ್ನು ಅಲ್ಲಿ ಮನೆಮನೆಯ ಕಥೆ. ಗ್ರಾನೈಟ್ ಬಂಡೆಯ ಖನಿಜಗಳಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಬಂಡೆಯ ಸಂಗಡ ನೀರು ಹೆಚ್ಚು ಕಾಲ ಇದ್ದಷ್ಟೂ ಅದು ಏರುತ್ತದೆ. ಅದಕ್ಕೇ ಸಾವಿರ ಅಡಿ ಕೊರೆದು ತೆಗೆದ ಹಳೆಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಸಂಭವ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ.

ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು, ಇದಕ್ಕೆ ವಿನಾಯಿತಿ ಇಲ್ಲ. ಗುಂಡಿ ಶೌಚಾಲಯ, ಸೋರುವ ಒಳಚರಂಡಿ, ತಿಪ್ಪೆ, ಯೂರಿಯಾ ಇವು ಮೂಲ. ಬಾಟಲಿ ಹಾಲು ಕುಡಿಯುವ ಎಳೆಗೂಸುಗಳಿಗೆ ಇದು ವಿಷ: ರಕ್ತ ಆಮ್ಲಜನಕ ಹೊರಲಾರದೆ ಮಗುವಿನ ಮೈ ನೀಲಿಗಟ್ಟುತ್ತದೆ. ಪುಡಿ ಹಾಲು ಕಲಸಲು ಬೋರ್ ನೀರು ಬಳಸುವ ಮನೆಗಳು ನೈಟ್ರೇಟ್ ಪರೀಕ್ಷೆಯನ್ನು ಮುಂದೂಡಲೇಬಾರದು.

ರಾಯಚೂರು, ಯಾದಗಿರಿ ಭಾಗದ ಕೆಲವು ಹಳ್ಳಿಗಳ ಅಂತರ್ಜಲದಲ್ಲಿ ಆರ್ಸೆನಿಕ್ ಕಂಡಿದೆ. ಅದರ ಮಿತಿ 0.01 ಮಿಲಿಗ್ರಾಂ. ಆ ಕಡೆಯವರು ಲ್ಯಾಬಿನಲ್ಲಿ ಅದನ್ನೂ ಕೇಳಿ ಬರೆಸಬೇಕು, ಸಾಮಾನ್ಯ ಪಟ್ಟಿಯಲ್ಲಿ ಅದು ಇರುವುದಿಲ್ಲ.

ಗಡಸುತನ ಲೀಟರಿಗೆ 200 ಮಿಲಿಗ್ರಾಂ, ಒಟ್ಟು ಕರಗಿದ ಲವಣಾಂಶ ಅಂದರೆ ಟಿಡಿಎಸ್ 500 ಮಿಲಿಗ್ರಾಂ, ಇವು ಒಪ್ಪಿತ ಮಿತಿಗಳು. ಬೇರೆ ಮೂಲ ಇಲ್ಲದಿದ್ದರೆ ಕ್ರಮವಾಗಿ 600 ಮತ್ತು 2000ದವರೆಗೆ ಬಳಸಬಹುದು. ಗಡಸು ನೀರು ಗೀಸರಿಗೆ, ಬಟ್ಟೆಗೆ, ಕೂದಲಿಗೆ ಕೊಡುವ ಕಾಟ ನಿಜ, ಆದರೆ ಫ್ಲೋರೈಡು ಮತ್ತು ರೋಗಾಣುಗಳ ಪಕ್ಕದಲ್ಲಿ ಅದು ಸಣ್ಣ ತೊಂದರೆ. ಜನ ಹೆದರುವುದು ಮಾತ್ರ ಅದಕ್ಕೇ ಹೆಚ್ಚು, ಏಕೆಂದರೆ ಕಣ್ಣಿಗೆ ಕಾಣುವುದು ಅದು.

ಲ್ಯಾಬಿಗೆ ನೀರು ಕೊಡುವ ಕ್ರಮ

ಹಳ್ಳಿಗಳಲ್ಲಿ ಜಲ ಜೀವನ್ ಮಿಷನ್, ಅಂದರೆ ನಮ್ಮ ‘ಮನೆ ಮನೆಗೆ ಗಂಗೆ’ ಯೋಜನೆಯಲ್ಲಿ ಊರಿಗೆ ಐದು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡಬೇಕೆಂಬ ನಿಯಮವಿದೆ. ನಿಮ್ಮೂರಿನಲ್ಲಿ ಆ ಕಿಟ್ ಎಲ್ಲಿದೆ, ಯಾರ ಕೈಯಲ್ಲಿದೆ ಎಂದು ಪಂಚಾಯಿತಿಯಲ್ಲಿ ಕೇಳಿ. ಜಿಲ್ಲಾ ಕೇಂದ್ರಗಳಲ್ಲಿ ಕುಡಿಯುವ ನೀರಿನ ಪ್ರಯೋಗಾಲಯಗಳಿವೆ. ಖಾಸಗಿ ಲ್ಯಾಬಾದರೆ ಎನ್‌ಎಬಿಎಲ್ ಮಾನ್ಯತೆ ಇದೆಯೇ ಎಂದು ನೋಡಿಕೊಳ್ಳಿ.

1. ರೋಗಾಣು ಪರೀಕ್ಷೆಗೆ ಲ್ಯಾಬಿನವರೇ ಕೊಡುವ ಬಾಟಲಿ ಬೇಕು. ಅದರಲ್ಲಿ ಕ್ಲೋರಿನ್ ಅಳಿಸುವ ಪುಡಿ ಇರುತ್ತದೆ, ತೊಳೆದು ಚೆಲ್ಲಬೇಡಿ. ಮಿನರಲ್ ವಾಟರ್ ಬಾಟಲಿ ನಡೆಯುವುದಿಲ್ಲ.

2. ನಲ್ಲಿಗೆ ಸಿಕ್ಕಿಸಿದ ಜಾಲರಿ, ಪೈಪಿನ ತುಂಡು ತೆಗೆದು, ಬಾಯಿಯನ್ನು ಸ್ಪಿರಿಟ್ಟಿನಿಂದ ಒರೆಸಿ, ಎರಡು ನಿಮಿಷ ನೀರು ಹರಿಯಬಿಟ್ಟು ಹಿಡಿಯಿರಿ. ಮುಚ್ಚಳದ ಒಳಭಾಗ ಮುಟ್ಟಬೇಡಿ.

3. ತಂಪಾಗಿಟ್ಟು ಆರು ಗಂಟೆಯೊಳಗೆ ತಲುಪಿಸಿ.

4. ರಾಸಾಯನಿಕ ಪರೀಕ್ಷೆಗೆ ಆ ನೀರಿನಿಂದಲೇ ಎರಡು ಮೂರು ಸಲ ಗಲಬರಿಸಿದ ಶುಚಿ ಬಾಟಲಿ ಸಾಕು. ಬೋರ್ ನೀರನ್ನು ಮೋಟಾರ್ ಸ್ವಲ್ಪ ಹೊತ್ತು ಓಡಿದ ಮೇಲೆ ಹಿಡಿಯಿರಿ.

ಬೇಸಿಗೆಯ ಕೊನೆಗೆ ಒಮ್ಮೆ, ಮಳೆ ಶುರುವಾದ ಮೇಲೆ ಒಮ್ಮೆ ಮಾಡಿಸಿ. ಬೇಸಿಗೆಯಲ್ಲಿ ಲವಣ, ಫ್ಲೋರೈಡ್ ಗಟ್ಟಿಯಾಗಿರುತ್ತವೆ. ಮಳೆಗಾಲದಲ್ಲಿ ರೋಗಾಣು ಏರುತ್ತದೆ. ಒಂದೇ ಕಾಲದ ವರದಿ ಅರ್ಧ ಕಥೆ ಹೇಳುತ್ತದೆ.

ಸಂಪು, ಟ್ಯಾಂಕು ತೊಳೆಯುವುದು

ಆರು ತಿಂಗಳಿಗೊಮ್ಮೆ ಮಾಡಿದರೆ ಒಳ್ಳೆಯದು. ಕ್ರಮ ಹೀಗೆ:

1. ನೀರು ಬಳಸಿ ಖಾಲಿ ಮಾಡಿ. ತಳದ ಹೂಳನ್ನು ಬಳಿದು ತೆಗೆಯಿರಿ.

2. ಗೋಡೆ, ತಳ, ಮುಚ್ಚಳದ ಒಳಮೈಯನ್ನು ಗಟ್ಟಿ ಬ್ರಷ್‌ನಿಂದ ಉಜ್ಜಿ. ಸೋಪಿನ ಪುಡಿ, ಆಸಿಡ್ ಬೇಡ.

3. ಹತ್ತು ಲೀಟರ್ ನೀರಿಗೆ 100 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ, ತಿಳಿಯನ್ನು ಗೋಡೆಗೆಲ್ಲ ಬಳಿದು ಅರ್ಧ ಗಂಟೆ ಬಿಡಿ. ಆಮೇಲೆ ತೊಳೆದು ಆ ನೀರನ್ನು ಹೊರಹಾಕಿ.

4. ಬಿರುಕು, ಬೇರು ನುಗ್ಗಿದ ಜಾಗ, ಒದ್ದೆಯಾಗಿ ಜಿನುಗುವ ಜಾಗ ಹುಡುಕಿ. ಖಾಲಿ ಸಂಪಿನೊಳಗೆ ಹೊರಗಿನಿಂದ ನೀರು ಜಿನುಗುತ್ತಿದ್ದರೆ ಗಾರೆ ಕೆಲಸದವರನ್ನು ಕರೆಸದೆ ಮುಂದುವರಿಯಬೇಡಿ.

5. ಮುಚ್ಚಳದ ಸುತ್ತ ನೆಲದಿಂದ ಅರ್ಧ ಅಡಿ ಎತ್ತರದ ಕಟ್ಟೆ ಕಟ್ಟಿಸಿ, ಮೇಲಿನಿಂದ ಕವಿಯುವಂಥ ಮುಚ್ಚಳ ಹಾಕಿಸಿ. ಕಾರು ಓಡಾಡುವ ಕಡೆ ಕಟ್ಟೆ ಆಗದಿದ್ದರೆ ರಬ್ಬರ್ ಅಂಚಿನ ಬಿಗಿ ಮುಚ್ಚಳವಾದರೂ ಬೇಕು. ಇಡೀ ಲೇಖನದಲ್ಲಿ ಒಂದೇ ಕೆಲಸ ಮಾಡುವಿರಾದರೆ ಇದನ್ನು ಮಾಡಿ.

6. ಮೇಲಿನ ಟ್ಯಾಂಕಿನ ಓವರ್‌ಫ್ಲೋ ಪೈಪು ಮತ್ತು ಗಾಳಿ ಕಿಂಡಿಗೆ ಸೊಳ್ಳೆಪರದೆಯಂಥ ಜಾಲರಿ ಕಟ್ಟಿ. ಹಲ್ಲಿ, ಪಾರಿವಾಳದ ಪುಕ್ಕ, ಸೊಳ್ಳೆ ಒಳಹೋಗುವುದು ಅಲ್ಲಿಂದ.

ತುಂಬಿಸಿದ ಮೇಲೆ ಕ್ಲೋರಿನ್ ಲೆಕ್ಕ. ಸಂಪಿನ ಉದ್ದ, ಅಗಲ, ನೀರಿನ ಆಳ ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 8 ಅಡಿ, 6 ಅಡಿ, 5 ಅಡಿಯ ಸಂಪಿನಲ್ಲಿ ಸುಮಾರು 6,800 ಲೀಟರ್. ಬ್ಲೀಚಿಂಗ್ ಪೌಡರಿನಲ್ಲಿ ಕಾಲು ಭಾಗ ಕ್ಲೋರಿನ್ ಇದೆ ಎಂದಿಟ್ಟುಕೊಂಡರೆ ಸಾವಿರ ಲೀಟರಿಗೆ 4 ಗ್ರಾಂ ಹಾಕಿದಾಗ ಲೀಟರಿಗೆ 1 ಮಿಲಿಗ್ರಾಂ ಆಗುತ್ತದೆ. ಈ ಸಂಪಿಗೆ 27 ಗ್ರಾಂ. ಪುಡಿಯನ್ನು ನೇರ ಸುರಿಯಬೇಡಿ; ಬಕೆಟ್ಟಿನಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟು, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಹುಯ್ಯಿರಿ. ಅರ್ಧ ಗಂಟೆ ಬಿಟ್ಟು ಅಳೆದಾಗ 0.2ರಿಂದ 0.5 ಬಂದರೆ ಸರಿ. ಏನೂ ಉಳಿಯದಿದ್ದರೆ ಇನ್ನರ್ಧ ಪಾಲು ಹಾಕಿ ಮತ್ತೆ ಅಳೆಯಿರಿ.

ಕಾವೇರಿ ನೀರು ಮಾತ್ರ ತುಂಬಿಸುವವರು ಪ್ರತಿ ಸಲ ಹೀಗೆ ಹಾಕಬೇಕಾಗಿಲ್ಲ. ಬೋರ್ ನೀರು, ಟ್ಯಾಂಕರ್ ನೀರು, ಬಾವಿ ನೀರು ಅದೇ ಸಂಪಿಗೆ ಬೆರೆಸುವವರು ಹಾಕಲೇಬೇಕು. ಕಬ್ಬಿಣವಿರುವ ನೀರು ಕ್ಲೋರಿನ್ ಬಿದ್ದಾಗ ಕೆಂಪಾಗುತ್ತದೆ. ಅದು ತಳಕ್ಕಿಳಿಯುವವರೆಗೆ ಕಾಯಬೇಕು.

ಎಚ್ಚರಿಕೆ

ಮುಚ್ಚಿಟ್ಟ ಸಂಪಿನಲ್ಲಿ ಉಸಿರಾಡಲು ಗಾಳಿ ಸಾಲದೆ ಹೋಗಬಹುದು, ವಿಷದ ಗಾಳಿ ತುಂಬಿರಬಹುದು. ಇಳಿದವರು ಕುಸಿದು, ಅವರನ್ನು ಎತ್ತಲು ಇಳಿದವರೂ ಸತ್ತಿರುವ ಸುದ್ದಿ ನಾವೆಲ್ಲ ಓದಿದ್ದೇವೆ. ಮುಚ್ಚಳ ಗಂಟೆಗಟ್ಟಲೆ ತೆರೆದಿಡಿ, ಫ್ಯಾನ್ ಅಥವಾ ಬ್ಲೋವರ್‌ನಿಂದ ಗಾಳಿ ಊದಿಸಿ. ಯಾರನ್ನೂ ಒಬ್ಬರೇ ಇಳಿಸಬೇಡಿ. ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು ಇರಲಿ. ಒಳಗಿರುವವರು ಕುಸಿದರೆ ಹಗ್ಗದಿಂದ ಎಳೆಯಿರಿ, ಇಳಿಯಬೇಡಿ. ಒಳಗೆ ನೀರಿರುವಾಗ ಕರೆಂಟಿನ ಮೋಟಾರು, ವೈರು ಇಳಿಬಿಟ್ಟು ಜನರನ್ನು ಇಳಿಸಬಾರದು. ಈ ಕೆಲಸಕ್ಕೆ ಪಂಪು, ಗಾಳಿ ಯಂತ್ರ ಇರುವ ತರಬೇತಾದವರನ್ನು ಕರೆಸುವುದೇ ವಾಸಿ. ನಾಲ್ಕು ಕಾಸು ಉಳಿಸಲು ಬೀದಿಯಲ್ಲಿ ಸಿಕ್ಕ ಕೂಲಿಯವರನ್ನು ಇಳಿಸುವುದು ಅವರ ಜೀವದ ಮೇಲೆ ಉಳಿತಾಯ ಮಾಡಿದಂತೆ.

ಬ್ಲೀಚಿಂಗ್ ಪೌಡರ್ ಮತ್ತು ಶೌಚಾಲಯ ತೊಳೆಯುವ ಆಸಿಡ್ ಒಂದುಗೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. ಎರಡನ್ನೂ ಒಂದೇ ಬಕೆಟ್ಟಿಗೆ, ಒಂದೇ ಗೂಡಿಗೆ ತರಬೇಡಿ. ಪುಡಿ ಮುಟ್ಟುವಾಗ ಕೈಗವಸು, ಮುಖಕ್ಕೆ ಬಟ್ಟೆ ಬೇಕು.

ಯಾವ ದೋಷಕ್ಕೆ ಯಾವ ಫಿಲ್ಟರ್

ವರದಿ ಕೈಗೆ ಬಂದ ಮೇಲೆ ಆಯ್ಕೆ ಸುಲಭ. ರೋಗಾಣು ಮಾತ್ರ ತೊಂದರೆಯಾದರೆ ಕುದಿಸುವುದು, ಯುವಿ ಅಂದರೆ ನೇರಳಾತೀತ ಬೆಳಕಿನ ಯಂತ್ರ, ಯುಎಫ್ ಅಂದರೆ ಅತಿ ಸಣ್ಣ ರಂಧ್ರಗಳ ಪೊರೆಯ ಫಿಲ್ಟರ್ ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಸಾಕು. ಇಪ್ಪತ್ತು ನಿಮಿಷ ಕುದಿಸುವುದು ಗ್ಯಾಸಿನ ದಂಡ. ಯುವಿ ಬೆಳಕು ತಿಳಿನೀರಿನಲ್ಲಿ ಮಾತ್ರ ಕೆಲಸ ಮಾಡುತ್ತದೆ, ಕರೆಂಟು ಬೇಕು. ಯುಎಫ್‌ಗೆ ಕರೆಂಟು ಬೇಡ. ಬ್ಲೀಚಿಂಗ್ ವಾಸನೆ ಹಿಡಿಸದವರು ಕಾರ್ಬನ್ ಫಿಲ್ಟರ್ ಬಳಸಬಹುದು, ಇಲ್ಲವೆ ಶುಚಿಯಾದ ಪಾತ್ರೆಯಲ್ಲಿ ತೆಳುಬಟ್ಟೆ ಮುಚ್ಚಿ ಕೆಲವು ಗಂಟೆ ಬಿಟ್ಟರೂ ಹೋಗುತ್ತದೆ.

ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್, ಮಿತಿ ಮೀರಿದ ಟಿಡಿಎಸ್ ಇದ್ದರೆ ಆರ್‌ಒ ಬೇಕು. ಊರಿನಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕ ಇಂಥ ಕಡೆ ನಿಜವಾಗಿ ಜೀವ ಉಳಿಸುವ ವ್ಯವಸ್ಥೆ, ಪೊರೆಗಳನ್ನು ಕಾಲಕಾಲಕ್ಕೆ ಬದಲಿಸುತ್ತಿದ್ದರೆ ಮಾತ್ರ. ಫ್ಲೋರೈಡ್ ಇರುವ ಸೀಮೆಯಲ್ಲಿ ಮೊದಲ ಮಳೆ ಬಿಟ್ಟು ಹಿಡಿದಿಟ್ಟ ಚಾವಣಿಯ ಮಳೆನೀರು ಇನ್ನೂ ಒಳ್ಳೆಯ ದಾರಿ. ಮಳೆನೀರಿಗೆ ಬಂಡೆಯ ಸಹವಾಸವೇ ಇಲ್ಲ. ಕುಡಿಯುವ ಮುಂಚೆ ಸೋಸಿ ಕುದಿಸಿದರಾಯಿತು.

ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆಯನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿತು. ಕಾವೇರಿ ನೀರಿನ ಟಿಡಿಎಸ್ ಸಾಮಾನ್ಯವಾಗಿ ಆ ಮಿತಿಗಿಂತ ಬಹಳ ಕೆಳಗೆ. ಅಷ್ಟು ದೂರದಿಂದ ಎತ್ತಿ ತಂದ ನೀರಿನಲ್ಲಿ ಒಂದು ಲೋಟ ಕುಡಿಯಲು ಎರಡು ಮೂರು ಲೋಟ ಚರಂಡಿಗೆ ಬಿಡುವುದು ನನಗೆ ಒಪ್ಪಿಗೆಯಾಗದ ಮಾತು. ಬೇರೆ ದಾರಿಯಿಲ್ಲದೆ ಆರ್‌ಒ ಹಾಕಿಸಿದವರು ಹೊರಬರುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

*ಟಿಡಿಎಸ್ ಮೀಟರನ್ನೇ ನಂಬುವುದು.* ಅದು ಲವಣ ಅಳೆಯುವ ಸಾಧನ. ಕಾಲರಾ ರೋಗಾಣುಗಳಿರುವ ನೀರು ಅದರಲ್ಲಿ 100 ತೋರಿಸಬಹುದು, ಶುದ್ಧವಾದ ಬಾವಿ ನೀರು 600 ತೋರಿಸಬಹುದು.

*ಕಬ್ಬಿಣದ ಕಡ್ಡಿಯ ಪ್ರದರ್ಶನಕ್ಕೆ ಬೆರಗಾಗುವುದು.* ಮಾರಾಟಗಾರರು ಎರಡು ಲೋಟದಲ್ಲಿ ಕಡ್ಡಿಗಳನ್ನಿಟ್ಟು ಕರೆಂಟು ಹರಿಸುತ್ತಾರೆ. ನಲ್ಲಿ ನೀರು ಕಂದಾಗಿ ಗಸಿ ಏಳುತ್ತದೆ, ಆರ್‌ಒ ನೀರು ತಿಳಿಯಾಗೇ ಇರುತ್ತದೆ. ಆ ಗಸಿ ನೀರಿನದ್ದಲ್ಲ, ಕರಗಿದ ಕಡ್ಡಿಯದ್ದು. ನೀರಿನ ಸಹಜ ಲವಣ ಕರೆಂಟನ್ನು ಹಾಯಿಸುತ್ತದೆ. ಆರ್‌ಒ ನೀರಿನಲ್ಲಿ ಲವಣ ಇಲ್ಲದ್ದರಿಂದ ಕರೆಂಟು ಹಾಯುವುದಿಲ್ಲ. ಮುಂದಿನ ಸಲ ಅವರ ಆರ್‌ಒ ಲೋಟಕ್ಕೆ ಚಿಟಿಕೆ ಅಡುಗೆ ಉಪ್ಪು ಹಾಕಿ ನೋಡಲು ಹೇಳಿ.

*ಫ್ಲೋರೈಡ್ ನೀರನ್ನು ಕುದಿಸುವುದು.* ಆವಿಯಾಗುವುದು ನೀರು ಮಾತ್ರ. ಫ್ಲೋರೈಡ್, ನೈಟ್ರೇಟ್ ಪಾತ್ರೆಯಲ್ಲೇ ಉಳಿದು ಇನ್ನೂ ಗಟ್ಟಿಯಾಗುತ್ತವೆ.

*ತಾಮ್ರದ ಬಿಂದಿಗೆಯೇ ಸಾಕೆನ್ನುವುದು.* ರಾತ್ರಿಯಿಡೀ ಇಟ್ಟರೆ ತಾಮ್ರ ಕೆಲವು ರೋಗಾಣುಗಳನ್ನು ತಗ್ಗಿಸುತ್ತದೆ ನಿಜ. ಚರಂಡಿ ಬೆರೆತ ನೀರಿಗೆ ಅದನ್ನು ನೆಚ್ಚಬಾರದು.

*ಸಾಫ್ಟ್‌ನರ್ ಇದ್ದರೆ ಶುದ್ಧ ನೀರು ಎಂದುಕೊಳ್ಳುವುದು.* ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಸೇರಿಸುತ್ತದೆ, ರೋಗಾಣುವನ್ನು ಮುಟ್ಟುವುದಿಲ್ಲ. ಬಿ.ಪಿ. ಇರುವವರು ಕುಡಿಯಲು ಆ ನೀರು ಬಳಸುವ ಮುಂಚೆ ವೈದ್ಯರನ್ನು ಕೇಳಲಿ.

*ಕ್ಯಾಂಡಲ್, ಕಾರ್ಬನ್ ಬದಲಿಸದಿರುವುದು.* ಕಾಲ ಮೀರಿದ ಫಿಲ್ಟರ್ ರೋಗಾಣುಗಳ ಗೂಡಾಗುತ್ತದೆ. ಶೋಧಿಸಿದ ನೀರಿಗೆ ಲೋಟ ಅದ್ದಿ ತೆಗೆಯುವುದೂ ಇದೇ ಸಾಲಿನ ತಪ್ಪು. ನಲ್ಲಿಯಿರುವ ಪಾತ್ರೆ ಬಳಸಿ, ಇಲ್ಲವೆ ಹಿಡಿಯಿರುವ ಸೌಟು.

ಚರಂಡಿ ವಾಸನೆ ಬಂದರೆ

ಸಂಪಿಗೆ ಹೋಗುವ ವಾಲ್ವ್ ತಕ್ಷಣ ಮುಚ್ಚಿ. ಅಕ್ಕಪಕ್ಕದ ಮನೆಗಳಲ್ಲಿ ವಿಚಾರಿಸಿ. ಎಲ್ಲರಿಗೂ ಹಾಗೇ ಇದ್ದರೆ ಲೈನ್ ಒಡೆದಿದೆ, ನಿಮಗೆ ಮಾತ್ರವಾದರೆ ನಿಮ್ಮ ಮನೆಯ ಸಂಪರ್ಕದ ಪೈಪು ಚರಂಡಿ ದಾಟುವ ಜಾಗ ನೋಡಿಸಿ. ಬೆಂಗಳೂರಿನವರು ಜಲಮಂಡಳಿಯ 1916ಕ್ಕೆ ಕರೆ ಮಾಡಿ, ಬೇರೆ ಊರಿನವರು ನಗರಸಭೆ ಅಥವಾ ಪಂಚಾಯಿತಿಗೆ ಲಿಖಿತ ದೂರು ಕೊಡಿ. ನೀರು ಬಂದ ದಿನ, ಹೊತ್ತು, ಬಣ್ಣ, ವಾಸನೆ, ತೊಂದರೆ ಇರುವ ಮನೆಗಳ ಸಂಖ್ಯೆ, ಕಾಯಿಲೆ ಬಿದ್ದವರೆಷ್ಟು ಎಂಬುದನ್ನು ಬರೆಯಿರಿ. ಬಾಟಲಿಯಲ್ಲಿ ನೀರಿನ ಮಾದರಿ ಮತ್ತು ಫೋಟೊ ಇಟ್ಟುಕೊಳ್ಳಿ, ದೂರಿನ ಸಂಖ್ಯೆ ಕೇಳಿ ಪಡೆಯಿರಿ. ಒಂದೇ ಬೀದಿಯಲ್ಲಿ ಹಲವರಿಗೆ ಭೇದಿಯಾದರೆ ಆಶಾ ಕಾರ್ಯಕರ್ತೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಂದೇ ತಿಳಿಸಿ. ಕಾಯಿಲೆಯವರಿಗೆ ಒಆರ್‌ಎಸ್ ಕೊಡುತ್ತಾ ಆಸ್ಪತ್ರೆಗೆ ಕರೆದೊಯ್ಯಿರಿ. ಲೈನ್ ದುರಸ್ತಿಯಾಯಿತೆಂದು ಹೇಳಿದ ಮೇಲೂ ಮೊದಲ ಸರದಿಯ ನೀರನ್ನು ಸಂಪಿಗೆ ಬಿಡಬೇಡಿ. ಮೀಟರ್ ಬಳಿಯ ಲೋಟದಲ್ಲಿ ಕ್ಲೋರಿನ್ ಕಂಡ ನಂತರ, ಹಳೆ ನೀರು ಚೆಲ್ಲಿ, ಸಂಪು ಮತ್ತು ಟ್ಯಾಂಕನ್ನು ಬ್ಲೀಚಿಂಗ್ ಹಾಕಿ ತೊಳೆದು ತುಂಬಿಸಿ. ಅಲ್ಲಿಯವರೆಗೆ ಕುಡಿಯಲು, ಅಡುಗೆಗೆ, ಹಲ್ಲುಜ್ಜಲು ಬೇರೆ ನಂಬಿಕೆಯ ಮೂಲದಿಂದ ತಂದು ಕುದಿಸಿದ ನೀರು.